ನೇರ ನುಡಿ, ಮರೆಯ ಅರ್ಥ: ಹೊರನಾಡಿನ ಗೀತರಚನೆಯ ಒಂದು ಪ್ರಶ್ನೆ

೧

ಪುಣೆ ನಗರದ ಪೂರ್ವದಂಚಿನಲ್ಲಿ, ಮುಳಾ-ಮುಠಾ ನದಿಯ ದಡದಲ್ಲಿ, ಖರಾಡಿ ಎಂಬ ಉಪನಗರವಿದೆ. ಒಂದು ತಲೆಮಾರಿನ ಹಿಂದೆ ಹೊಲಗಳ ನಡುವಣ ಹಳ್ಳಿಯಾಗಿದ್ದ ಈ ಊರು ಇಂದು ಮಾಹಿತಿ ತಂತ್ರಜ್ಞಾನದ ಕಚೇರಿಗಳಿಂದಲೂ ಬಹುಮಹಡಿ ವಸತಿಗಳಿಂದಲೂ ಕಿಕ್ಕಿರಿದಿದೆ. ಪುಣೆಯ ಇಂಥ ಉಪನಗರಗಳ ಕಟ್ಟಡಗಳನ್ನು ಎಬ್ಬಿಸಿದವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಸೀಮೆಗಳ ಕೂಲಿಕಾರರಿದ್ದಾರೆ. ಆ ಕಟ್ಟಡಗಳೊಳಗೆ ಕುಳಿತು ದುಡಿಯುವವರಲ್ಲಿ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಿಂದ ಬಂದ ತರುಣ ತಂತ್ರಜ್ಞರಿದ್ದಾರೆ. ಖರಾಡಿಯನ್ನು ದಾಟಿದ ನದಿ ಮುಂದೆ ಭೀಮೆಯನ್ನು ಕೂಡುತ್ತದೆ. ಭೀಮೆ ಪಂಢರಪುರವನ್ನು ಹಾದು ಕರ್ನಾಟಕವನ್ನು ಹೊಕ್ಕು ಕೃಷ್ಣೆಯಲ್ಲಿ ಲೀನವಾಗುತ್ತದೆ. ನೀರು ಕನ್ನಡ ನಾಡಿನತ್ತ ಹರಿಯುತ್ತಿರುವಾಗ ಕನ್ನಡ ಮಾತನಾಡುವ ಜನ ಅದಕ್ಕೆ ಇದಿರಾಗಿ, ಮೇಲ್ಮುಖವಾಗಿ ನಡೆದು ಬಂದಿದ್ದಾರೆ.

ಈ ಎರಡು ಬಗೆಯ ಕನ್ನಡಿಗರ ಜೊತೆಗೆ ಮೂರನೆಯ ಒಂದು ಬಗೆಯೂ ಇದೆ. ಅದು ಅಲ್ಲಿಯೇ ಹುಟ್ಟಿ ಬೆಳೆಯುತ್ತಿರುವ ಮಕ್ಕಳದು. ಶಾಲೆಯಲ್ಲಿ ಇಂಗ್ಲಿಷು, ಆಟದ ಬಯಲಿನಲ್ಲಿ ಹಿಂದಿ ಮತ್ತು ಮರಾಠಿ, ಮನೆಯೊಳಗೆ ಮಾತ್ರ ಕನ್ನಡ. ಇಂಥ ಮಕ್ಕಳಲ್ಲಿ ಬಹಳ ಮಂದಿಗೆ ಕನ್ನಡದ ಅಕ್ಷರ ಗೊತ್ತಿಲ್ಲ. ಅವರ ಕನ್ನಡ ಕಿವಿಯಲ್ಲಿದೆ, ಕಣ್ಣಿನಲ್ಲಿಲ್ಲ. ಕೂಲಿಕಾರನಿಗೆ ಓದುವ ಬಿಡುವಿಲ್ಲ, ತಂತ್ರಜ್ಞನಿಗೆ ಓದುವ ರೂಢಿ ತಪ್ಪಿದೆ, ಮಗುವಿಗೆ ಓದಲು ಬಾರದು. ಈ ಮೂವರನ್ನೂ ತಲುಪಬಲ್ಲ ಸಾಹಿತ್ಯ ಪ್ರಕಾರ ಹಾಡು ಒಂದೇ.

ಆದುದರಿಂದ ಅಲ್ಲಿ ನವೆಂಬರಿನ ಸಮಾರಂಭಕ್ಕಾಗಲಿ, ಮನೆಯ ಕೂಟಕ್ಕಾಗಲಿ ಹೊಸ ಹಾಡೊಂದನ್ನು ಬರೆಯಲು ಕುಳಿತವನಿಗೆ ಎದುರಾಗುವ ಪ್ರಶ್ನೆ ಬರಿಯ ಶೈಲಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹೇಳಬೇಕಾದುದನ್ನು ನೇರವಾಗಿ ಹೇಳಬೇಕೆ, ಅಥವಾ ಅಮೂರ್ತವಾಗಿ ಸೂಚಿಸಬೇಕೆ? ನೇರವಾಗಿ ಹೇಳಿದರೆ ಹಾಡು ಘೋಷಣೆಯಾಗುವ ಭಯ. ಅಮೂರ್ತವಾದರೆ ಅದು ಯಾರ ಕಿವಿಗೂ ನಿಲುಕದೆ ಹೋಗುವ ಭಯ. ಪುಟದ ಮೇಲಿನ ಕವಿತೆ ಅರ್ಥವಾಗದಿದ್ದರೆ ಓದುಗ ಹಿಂದಿನ ಸಾಲಿಗೆ ಮರಳಬಹುದು. ಹಾಡಿನ ಕೇಳುಗನಿಗೆ ಆ ಸೌಲಭ್ಯವಿಲ್ಲ. ಹೊರನಾಡಿನ ಮಗುವಿಗೆ ಒಂದು ಹಾಡು ತಪ್ಪಿಹೋದರೆ ಅದರೊಡನೆ ಕನ್ನಡದ ಒಂದು ಬಾಗಿಲೇ ಮುಚ್ಚಿದಂತೆ.

೨

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಅದರೊಳಗಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. 'ನೇರ' ಮತ್ತು 'ಅಮೂರ್ತ' ಎಂಬ ಮಾತುಗಳನ್ನು ಬಳಸುವಾಗ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂದು ಭಾವಿಸುವುದು ವಾಡಿಕೆಯಾಗಿದೆ.

ಮೊದಲನೆಯದು ಪದದ ಸಂಗತಿ: ಬಳಕೆಯ ಮಾತೋ, ಗ್ರಂಥಸ್ಥ ಮಾತೋ ಎಂಬುದು. ಎರಡನೆಯದು ವಸ್ತುವಿನ ಸಂಗತಿ: ಪದವು ಕಣ್ಣಿಗೆ ಕಾಣುವ, ಕೈಗೆ ಸಿಗುವ ಒಂದನ್ನು ಹೇಳುತ್ತದೆಯೋ, ಅಥವಾ ಬುದ್ಧಿ ಮಾತ್ರ ಗ್ರಹಿಸಬಲ್ಲ ಭಾವವಾಚಕವಾಗಿದೆಯೋ ಎಂಬುದು. ಮೂರನೆಯದು ಅರ್ಥದ ಸಂಗತಿ: ಹೇಳಬೇಕಾದ ಅರ್ಥ ಮಾತಿನ ಮೇಲೆಯೇ ಇದೆಯೋ, ಮಾತಿನ ಹಿಂದೆ ಇದೆಯೋ ಎಂಬುದು. ಈ ಮೂರೂ ಒಂದನ್ನೊಂದು ಅನುಸರಿಸಲೇಬೇಕೆಂಬ ಕಟ್ಟುಪಾಡಿಲ್ಲ. ಪದ ಬಳಕೆಯದಾಗಿ, ವಸ್ತು ಮೂರ್ತವಾಗಿ, ಅರ್ಥ ಮಾತ್ರ ಮರೆಯಲ್ಲಿ ಇರಬಹುದು. ಪದ ಗ್ರಂಥಸ್ಥವಾಗಿ, ವಸ್ತು ಅಮೂರ್ತವಾಗಿ, ಅರ್ಥ ಮಾತ್ರ ತೀರ ಮೇಲುಮೇಲಿನದಾಗಿ ಇರಲೂಬಹುದು.

ಎರಡನೆಯ ಬಗೆಯ ಹಾಡುಗಳನ್ನು ಕಾಣಲು ದೂರ ಹೋಗಬೇಕಿಲ್ಲ. ರಾಜ್ಯೋತ್ಸವದ ಸಂದರ್ಭಕ್ಕಾಗಿ ಎಲ್ಲೆಡೆ ಹುಟ್ಟುವ ನಾಡುನುಡಿಯ ಹಾಡುಗಳಲ್ಲಿ ಹೆಚ್ಚಿನವು ಈ ಜಾತಿಯವು. ಸಂಸ್ಕೃತಿ, ಪರಂಪರೆ, ಭವ್ಯತೆ, ಅಸ್ಮಿತೆ, ಚೇತನ, ಸ್ಫೂರ್ತಿ ಎಂಬ ಪದಗಳು ಅವುಗಳಲ್ಲಿ ಸಾಲುಗಟ್ಟುತ್ತವೆ. ಬರೆದವನು ತಾನು ಅತ್ಯಂತ ನೇರವಾಗಿ ಬರೆದಿದ್ದೇನೆಂದು ನಂಬಿರುತ್ತಾನೆ. ನಾಡು ದೊಡ್ಡದು ಎಂಬ ಅರ್ಥವೇನೋ ನೇರವಾಗಿಯೇ ಇದೆ. ಆದರೆ ಆ ಪದಗಳಲ್ಲಿ ಒಂದನ್ನಾದರೂ ಖರಾಡಿಯ ಮಗುವಿಗೆ ಬೆರಳಿಟ್ಟು ತೋರಿಸಲು ಬಾರದು. 'ಭವ್ಯತೆ ಎಂದರೇನಮ್ಮ?' ಎಂದು ಮಗು ಕೇಳಿದರೆ ತಾಯಿ ಇಂಗ್ಲಿಷಿನಲ್ಲಿ ಉತ್ತರ ಹೇಳಬೇಕಾಗುತ್ತದೆ. ಕನ್ನಡವನ್ನು ಹೊಗಳುವ ಹಾಡೇ ಮಗುವನ್ನು ಕನ್ನಡದಿಂದ ಹೊರಗೆ ಕಳುಹಿಸುವ ಈ ವಿಪರ್ಯಾಸದ ಕಡೆಗೆ ಸಾಕಷ್ಟು ಗಮನ ಹರಿದಿಲ್ಲ.

ಗೀತೆಗೆ ಹಾನಿ ಮಾಡುವುದು ಅರ್ಥದ ಮರೆಯಲ್ಲ, ವಸ್ತುವಿನ ಅಭಾವ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕನ್ನಡದ ಹಾಡಿನ ಪರಂಪರೆ ಈ ಮಾತಿಗೆ ಎಂಟು ಶತಮಾನಗಳ ಸಾಕ್ಷ್ಯವನ್ನು ಒದಗಿಸುತ್ತದೆ.

೩

ಹನ್ನೆರಡನೆಯ ಶತಮಾನದ ವಚನಗಳಲ್ಲಿಯೇ ಎರಡೂ ದಾರಿಗಳು ಒಟ್ಟಿಗೆ ಕಾಣಿಸಿಕೊಂಡವು. ಬಸವಣ್ಣನವರದು ಬಹುಮಟ್ಟಿಗೆ ಸಂಬೋಧನೆಯ ನೇರ ಮಾರ್ಗ. ಅಲ್ಲಮಪ್ರಭುವಿನದು ಬೆಡಗಿನ ಮಾರ್ಗ. ಆದರೆ ಅಲ್ಲಮನ ಬೆಡಗಿನಲ್ಲಿ ಬರುವ ವಸ್ತುಗಳನ್ನು ಪಟ್ಟಿ ಮಾಡಿದರೆ ಅಲ್ಲಿ ಸಿಗುವುದು ಹುಲಿ, ಹುಲ್ಲೆ, ಕಪ್ಪೆ, ಸರ್ಪ, ಬೆಟ್ಟ, ಮರ. ಅಕ್ಷರ ತಿಳಿಯದವನಿಗೂ ಇವುಗಳಲ್ಲಿ ಯಾವುದೂ ಅಪರಿಚಿತವಲ್ಲ. ಈ ಪರಿಚಿತ ವಸ್ತುಗಳ ನಡುವಿನ ಸಂಬಂಧ ಮಾತ್ರ ವಿಚಿತ್ರ. ಕೇಳುಗನಿಗೆ ಚಿತ್ರ ತಕ್ಷಣ ಸಿಗುತ್ತದೆ, ಅರ್ಥ ತಡವಾಗಿ ಸಿಗುತ್ತದೆ. ಆ ತಡದಲ್ಲಿ ಅವನು ವಚನವನ್ನು ಮನಸ್ಸಿನಲ್ಲಿ ಹೊತ್ತು ತಿರುಗುತ್ತಾನೆ.

ದಾಸಸಾಹಿತ್ಯದಲ್ಲಿಯೂ ಇದೇ ವಿಭಾಗವನ್ನು ಕಾಣಬಹುದು. ಪುರಂದರದಾಸರ ಕೀರ್ತನೆಗಳಲ್ಲಿ ಎದುರಿಗೆ ಯಾರೋ ನಿಂತಿರುವಂತೆ ಮಾತು ಸಾಗುತ್ತದೆ: ತಾಯಿಗೆ, ಗೋಪಿಗೆ, ಮನಸ್ಸಿಗೆ, ಮಂದಿಗೆ. ಕನಕದಾಸರು ಕೀರ್ತನೆಗಳೊಡನೆ ಮುಂಡಿಗೆಗಳನ್ನೂ ರಚಿಸಿದರು. ಮುಂಡಿಗೆ ಎಂದರೆ ಬಿಡಿಸಬೇಕಾದ ಒಗಟು. ಆದರೂ ಅದು ಹಾಡು. ಪಲ್ಲವಿ, ಚರಣ, ಅಂಕಿತಗಳ ಚೌಕಟ್ಟು ಕೀರ್ತನೆಗೂ ಮುಂಡಿಗೆಗೂ ಒಂದೇ. ನೇರ ಮತ್ತು ಮರೆ ಎಂಬ ಎರಡು ಮಾರ್ಗಗಳನ್ನು ಒಂದೇ ಕವಿ ಒಂದೇ ಗೇಯರೂಪದಲ್ಲಿ ನಡೆಸಿದ್ದು ಗಮನಾರ್ಹ. ಯಾವುದನ್ನು ಯಾರಿಗೆ ಯಾವಾಗ ಹೇಳಬೇಕೆಂಬುದೇ ಅವರಿಗೆ ಮುಖ್ಯವಾಗಿತ್ತೇ ಹೊರತು ಒಂದು ಶೈಲಿಗೆ ನಿಷ್ಠರಾಗಿರುವುದಲ್ಲ.

ಶಿಶುನಾಳ ಷರೀಫರಲ್ಲಿ (೧೮೧೯–೧೮೮೯) ಈ ಕಲೆ ಪರಿಪಾಕಕ್ಕೆ ಬಂದಿತು. ಮಾಳಿಗೆ ಸೋರುವ ಮನೆ, ಕೋಡಗವನ್ನು ನುಂಗುವ ಕೋಳಿ ಇತ್ಯಾದಿ ಹಳ್ಳಿಯ ನಿತ್ಯದ ನೋಟಗಳಿಂದಲೇ ಅವರ ತತ್ತ್ವಪದಗಳು ಕಟ್ಟಿಕೊಂಡಿವೆ. ಅವುಗಳ ರಚನೆಯನ್ನು ಬಿಡಿಸಿ ನೋಡಿದರೆ ಗೀತಕಾರನಿಗೆ ಅತ್ಯಂತ ಉಪಯುಕ್ತವಾದ ಒಂದು ಕ್ರಮ ಕಾಣುತ್ತದೆ. ಪಲ್ಲವಿ ಒಂದು ಸರಳ ಸಂಗತಿಯನ್ನು ಉದ್ಗಾರದಂತೆ ಇಡುತ್ತದೆ. ಚರಣಗಳು ಆ ಸಂಗತಿಯ ವಿವರಗಳನ್ನು ಒಂದೊಂದಾಗಿ ಎಣಿಸುತ್ತವೆ. ಕೊನೆಯಲ್ಲಿ ಬರುವ ಅಂಕಿತ, ಇಷ್ಟು ಹೊತ್ತು ಹೇಳಿದ್ದು ಬೇರೊಂದರ ಮಾತೆಂಬುದನ್ನು ತೆರೆದು ತೋರಿಸುತ್ತದೆ. ಸೋರುವ ಮನೆ ಮೊದಲಿಗೆ ಮನೆಯಾಗಿಯೇ ಸೋರಬೇಕು. ಮಳೆಯ ನೀರು ಮೈಮೇಲೆ ಬಿದ್ದ ಅನುಭವ ಕೇಳುಗನಿಗಾಗಬೇಕು. ಆಮೇಲೆ ಅದು ದೇಹವೆಂದೋ ಮನಸ್ಸೆಂದೋ ತಿಳಿದರೆ ತಿಳಿವಳಿಕೆಗೆ ತೂಕ ಬರುತ್ತದೆ. ಮನೆಯನ್ನೇ ಕಟ್ಟದೆ ದೇಹದ ನಶ್ವರತೆಯನ್ನು ಹಾಡಿದ್ದರೆ ಅದು ಉಪದೇಶವಾಗುತ್ತಿತ್ತು. ಜನ ಕೈಮುಗಿದು ಮರೆಯುತ್ತಿದ್ದರು.

ಷರೀಫರು ತೀರಿಕೊಂಡು ಒಂದು ಶತಮಾನ ಕಳೆದ ಮೇಲೆ, ೧೯೯೦ರಲ್ಲಿ, ಟಿ. ಎಸ್. ನಾಗಾಭರಣ ಅವರ 'ಸಂತ ಶಿಶುನಾಳ ಷರೀಫ' ಚಿತ್ರದ ಮೂಲಕ, ಸಿ. ಅಶ್ವತ್ಥ್ ಅವರ ಸ್ವರಸಂಯೋಜನೆಯಲ್ಲಿ, ಆ ಪದಗಳು ನಗರದ ಮನೆಗಳನ್ನು ಹೊಕ್ಕವು. ತತ್ತ್ವಶಾಸ್ತ್ರದ ಗಂಧವಿಲ್ಲದ ಕೇಳುಗರು ಅವನ್ನು ಗುನುಗಿದರು. ಚಿತ್ರ ಮೊದಲು, ಅರ್ಥ ಆಮೇಲೆ ಎಂಬ ಕ್ರಮವೇ ಅವುಗಳನ್ನು ಅಷ್ಟು ದೂರ ತಂದು ಮುಟ್ಟಿಸಿತು ಎನ್ನಬೇಕು.

ಜನಪದದ ಸಾಕ್ಷ್ಯವೂ ಬೇರೆಯಲ್ಲ. ಭೀಮಾ ತೀರದ ಸೀಮೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿ ೧೯೩೧ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಸಂಕಲನದ ತ್ರಿಪದಿಗಳಲ್ಲಿ ಬೀಸುವ ಕಲ್ಲಿದೆ, ತವರಿನ ದಾರಿಯಿದೆ, ತೊಟ್ಟಿಲಿದೆ, ಅಣ್ಣನಿದ್ದಾನೆ. ದುಃಖ ಎಂಬ ಪದಕ್ಕಿಂತ ದುಃಖದ ವಸ್ತುಗಳೇ ಅಲ್ಲಿ ಹೆಚ್ಚು. ಆ ಸೀಮೆಯ ಹೆಣ್ಣುಮಕ್ಕಳು ಇಂದು ಪುಣೆಯ ಕಟ್ಟಡಗಳ ಕೆಲಸದಲ್ಲಿದ್ದಾರೆ ಎಂಬುದನ್ನು ನೆನೆದರೆ ಹೊರನಾಡಿನ ಗೀತಕಾರನಿಗೆ ಗುರುಗಳು ಎಲ್ಲಿದ್ದಾರೆಂಬುದು ತಿಳಿಯುತ್ತದೆ.

೪

ಹೀಗಿದ್ದರೂ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಹಾಡು ಮತ್ತು ಕವಿತೆಗಳ ನಡುವೆ ಒಂದು ಗೋಡೆ ಎದ್ದಿತು. ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' (೧೯೨೬) ಹೊಸ ಭಾವಗೀತೆಗೆ ದಾರಿ ತೆರೆದಾಗ 'ಗೀತ' ಎಂಬ ಹೆಸರು ಗೌರವದ್ದಾಗಿತ್ತು. ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' (೧೯೪೨) ಗಂಡಹೆಂಡಿರ ಮಾತುಕತೆಯಷ್ಟು ನೇರವಾದ ನುಡಿಯಲ್ಲಿ ಮೂಡಿತು. ಗೋಪಾಲಕೃಷ್ಣ ಅಡಿಗರೂ 'ಭಾವತರಂಗ'ದ (೧೯೪೬) ಕಾಲಕ್ಕೆ ಹಾಡಬಹುದಾದ ಕವಿತೆಗಳನ್ನೇ ಬರೆದರು. ೧೯೫೪ರ 'ಚಂಡೆಮದ್ದಳೆ'ಯಿಂದ ೧೯೫೯ರ 'ಭೂಮಿಗೀತ'ದ ಹೊತ್ತಿಗೆ ಕಾವ್ಯದ ದಿಕ್ಕು ಬದಲಾಯಿತು. ಒಂದರ ಹೆಸರಿನಲ್ಲಿ ವಾದ್ಯ, ಇನ್ನೊಂದರ ಹೆಸರಿನಲ್ಲಿ ಗೀತ ಇದ್ದರೂ ಅಲ್ಲಿಯ ಕವಿತೆ ಹಾಡುವವನ ಕೈಯಿಂದ ತಪ್ಪಿಸಿಕೊಂಡು ಓದುವವನ ಎದುರಿಗೆ ಬಂದು ಕುಳಿತಿತು.

ನವ್ಯರ ಆ ನಿಲುವಿಗೆ ಸಕಾರಣವಿತ್ತು. ಹಾಡಿನ ಇಂಪು ಸುಳ್ಳು ಭಾವವನ್ನೂ ನಿಜವೆಂಬಂತೆ ನಂಬಿಸಬಲ್ಲದು. ಆ ಮೋಸದಿಂದ ಕವಿತೆಯನ್ನು ಬಿಡಿಸಬೇಕೆಂಬ ಅವರ ಹಟದಲ್ಲಿ ಪ್ರಾಮಾಣಿಕತೆಯಿತ್ತು. ಆದರೆ ಅದರ ಪರಿಣಾಮವಾಗಿ ಒಂದು ಅನಾರೋಗ್ಯಕರ ವಿಂಗಡಣೆ ರೂಢಿಗೆ ಬಂದಿತು. ಕಠಿಣವಾದದ್ದು, ಅಮೂರ್ತವಾದದ್ದು ಪುಟಕ್ಕೆ. ಸುಲಭವಾದದ್ದು, ನೇರವಾದದ್ದು ಆಕಾಶವಾಣಿಗೆ, ಧ್ವನಿಸುರುಳಿಗೆ, ಸಿನಿಮಾಕ್ಕೆ. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಪುಟವನ್ನು ಕೈಗೆತ್ತಿಕೊಂಡು ಧ್ವನಿಯನ್ನು ಕೈಬಿಟ್ಟವು. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ೧೯೭೮ರಲ್ಲಿ 'ನಿತ್ಯೋತ್ಸವ' ಧ್ವನಿಸುರುಳಿಯಾಗಿ ಬಂದು ಮನೆಮಾತಾದಾಗಲೂ ಆ ಸಂಗತಿಯನ್ನು ಜನಪ್ರಿಯತೆಯ ಲೆಕ್ಕಕ್ಕೆ ಬರೆದದ್ದೇ ಹೆಚ್ಚು, ಕಾವ್ಯಮೀಮಾಂಸೆಯ ಲೆಕ್ಕಕ್ಕೆ ಬರೆದದ್ದು ಕಡಿಮೆ.

ಈ ಗೋಡೆ ನಿಲ್ಲುವಂಥದಲ್ಲ ಎಂಬುದಕ್ಕೆ ಬೇಂದ್ರೆಯವರ ಕಾವ್ಯವೇ ಸಾಕು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ೧೯೧೮ರಲ್ಲಿ ಪದವಿ ಪಡೆದ, ಮುಂದೆ ಸೊಲ್ಲಾಪುರದಲ್ಲಿ ವರ್ಷಗಟ್ಟಲೆ ಅಧ್ಯಾಪನ ನಡೆಸಿದ, ಮನೆಯಲ್ಲಿ ಮರಾಠಿ ನುಡಿಯುತ್ತಿದ್ದ ಈ ಕವಿ ಹೊರನಾಡಿನ ಗೀತಕಾರನಿಗೆ ಹತ್ತಿರದ ಪೂರ್ವಿಕ. ಅವರ 'ನಾಕುತಂತಿ' (೧೯೬೪) ಕನ್ನಡದ ಅತ್ಯಂತ ಅಮೂರ್ತ ಕವಿತೆಗಳಲ್ಲಿ ಒಂದು. ಆದರೆ ಅದರ ನಾಲ್ಕು ತಂತಿಗಳಾದರೂ ಯಾವುವು? ನಾನು, ನೀನು, ಆನು, ತಾನು. ಮಗು ಮೊಟ್ಟಮೊದಲು ಕಲಿಯುವ ಸರ್ವನಾಮಗಳ ಮೇಲೆಯೇ ಕವಿ ಅತಿ ಸೂಕ್ಷ್ಮವಾದ ಚಿಂತನೆಯನ್ನು ಮೀಟಿದ್ದಾರೆ. ಅಮೂರ್ತವಾದ ವಿಚಾರಕ್ಕೆ ಭಾವವಾಚಕ ನಾಮಪದಗಳೇ ಬೇಕೆಂಬುದು ಭ್ರಮೆ ಎಂಬುದನ್ನು ಈ ಒಂದು ಉದಾಹರಣೆ ಸ್ಥಾಪಿಸುತ್ತದೆ.

ಇತ್ತೀಚಿನ ನಿದರ್ಶನವೂ ಇದೆ. ೨೦೦೬ರ ಕೊನೆಯಲ್ಲಿ ತೆರೆಕಂಡ 'ಮುಂಗಾರು ಮಳೆ' ಚಿತ್ರದ ಪ್ರಸಿದ್ಧ ಗೀತೆಯ ಮೂಲಕ ಜಯಂತ ಕಾಯ್ಕಿಣಿ ಎಂಬ ಕವಿ-ಕಥೆಗಾರರು ಸಿನಿಮಾ ಗೀತೆಯ ನುಡಿಗಟ್ಟನ್ನು ಬದಲಿಸಿದರು. ಒಲವನ್ನು ಸಾರಿ ಹೇಳುವ ಬದಲು, ಏಕೆ ಹೀಗೆ ಅನ್ನಿಸುತ್ತಿದೆಯೆಂದು ತಿಳಿಯದವನ ಮಾತಿನಲ್ಲಿ ಅವರು ಹಾಡನ್ನು ಎತ್ತಿಕೊಂಡರು. ಮಾತು ದಿನಬಳಕೆಯದು, ಒಳಗಿನ ಸ್ಥಿತಿ ಮಾತ್ರ ಹೆಸರಿಡಲು ಬಾರದಂಥದು. ಊರು ಬಿಟ್ಟು ಹೊರಗೆ ದುಡಿಯುತ್ತಿದ್ದ ಒಂದು ಇಡೀ ತಲೆಮಾರು ಆ ಹಾಡನ್ನು ತನ್ನದೆಂದುಕೊಂಡಿತು.

೫

ಖರಾಡಿಯ ಗೀತಕಾರ ಕನ್ನಡದ ಪರಂಪರೆಯನ್ನು ಮಾತ್ರವೇ ನೋಡಿ ಸುಮ್ಮನಿರಲಾರ; ಅವನ ಸುತ್ತ ಮರಾಠಿಯ ಹಾಡಿದೆ. ಆ ಹಾಡು ಇದೇ ಪ್ರಶ್ನೆಯನ್ನು ತನ್ನದೇ ರೀತಿಯಲ್ಲಿ ಎದುರಿಸಿದೆ. ೧೯೫೫–೫೬ರಲ್ಲಿ ಪುಣೆಯ ಆಕಾಶವಾಣಿಯಿಂದ ವಾರವಾರವೂ ಪ್ರಸಾರವಾದ 'ಗೀತ ರಾಮಾಯಣ'ದ ೫೬ ಹಾಡುಗಳನ್ನು ಗ. ದಿ. ಮಾಡಗೂಳಕರ್ ಬರೆದರು, ಸುಧೀರ್ ಫಡಕೆ ಸ್ವರಬದ್ಧಗೊಳಿಸಿದರು. ಅವುಗಳ ನೇರತನಕ್ಕೆ ಕಾರಣ ಪದಗಳ ಸರಳತೆ ಒಂದೇ ಅಲ್ಲ. ಕಥೆಯ ಒಂದು ಗಳಿಗೆಯಲ್ಲಿ ನಿಂತ ಪಾತ್ರವೊಂದು ಮಾತನಾಡುತ್ತಿದೆ ಎಂಬ ಭಾವನೆ ಅಲ್ಲಿ ಬಲವಾಗಿದೆ. ಯಾರ ಮಾತು, ಯಾವ ಸಂದರ್ಭ ಎಂಬುದು ಗೊತ್ತಾದಾಗ ಕಠಿಣ ಪದವೂ ಅರ್ಧ ತಿಳಿದುಬಿಡುತ್ತದೆ.

ಇದಕ್ಕೆ ತೀರ ವಿರುದ್ಧ ತುದಿಯಲ್ಲಿ 'ಗ್ರೇಸ್' ಎಂಬ ಕಾವ್ಯನಾಮದ ಮಾಣಿಕ ಗೋಡಘಾಟೆ ಇದ್ದಾರೆ. ದುರ್ಬೋಧ ಕವಿಯೆಂದು ಹೆಸರಾದ, ೨೦೧೨ರಲ್ಲಿ ಪುಣೆಯಲ್ಲಿ ನಿಧನರಾದ ಈ ಕವಿಯ ರಚನೆಗಳು ಹೃದಯನಾಥ ಮಂಗೇಶಕರರ ಸಂಗೀತದಲ್ಲಿ ಜನಪ್ರಿಯ ಹಾಡುಗಳಾದವು. ಅವರ ಮೊದಲ ಸಂಕಲನದ ಹೆಸರೇ ಸಂಜೆಯ ಕವಿತೆಗಳು ಎಂಬರ್ಥದ್ದು. ಸಂಜೆ, ಮಳೆ, ತಾಯಿ, ಮರ ಇವು ಅವರ ಲೋಕದ ವಸ್ತುಗಳು. ವಸ್ತುಗಳು ಕಿವಿಗೆ ಸಿಕ್ಕುದರಿಂದಲೇ ಅರ್ಥ ಸಿಗದಿರುವುದನ್ನು ಕೇಳುಗರು ಸಹಿಸಿದರು. ಸಹಿಸಿದ್ದಷ್ಟೇ ಅಲ್ಲ, ಪ್ರೀತಿಸಿದರು. ಮಾಡಗೂಳಕರ್ ಮತ್ತು ಗ್ರೇಸ್ ಇಬ್ಬರೂ ಒಂದೇ ಮರಾಠಿ ಮನೆಯಲ್ಲಿ ಹಾಡಿಸಿಕೊಳ್ಳುತ್ತಿರುವುದು, ಶೈಲಿಗಳ ನಡುವೆ ಒಂದನ್ನು ಆರಿಸಿ ಇನ್ನೊಂದನ್ನು ತೊರೆಯಬೇಕಾಗಿಲ್ಲ ಎಂಬುದಕ್ಕೆ ಪುಣೆ ನೀಡುವ ಪುರಾವೆ.

ಇನ್ನೂ ಹಿಂದೆ ಹೋದರೆ ಒಂದು ಸ್ವಾರಸ್ಯದ ಸಂಗತಿಯಿದೆ. ಪುಣೆಗೆ ಸಮೀಪದ ಆಳಂದಿಯಲ್ಲಿ ಸಮಾಧಿಸ್ಥರಾದ ಜ್ಞಾನೇಶ್ವರರ ಹೆಸರಿನಲ್ಲಿ ಪ್ರಸಿದ್ಧವಾದ ಅಭಂಗವೊಂದು ಪಂಢರಪುರದ ವಿಠ್ಠಲನನ್ನು 'ಕಾನಡಾ' ಎಂದು ಕರೆಯುತ್ತದೆ. ಆ ಮಾತಿಗೆ ಕನ್ನಡದವನು ಎಂಬ ಅರ್ಥದ ಜೊತೆಗೆ ಸುಲಭವಾಗಿ ತಿಳಿಯದವನು ಎಂಬ ಅರ್ಥವನ್ನೂ ವಿದ್ವಾಂಸರು ಹೇಳುತ್ತಾರೆ. ನೆರೆಯವರ ಬಾಯಲ್ಲಿ ಕನ್ನಡವೇ ಅಗಮ್ಯಕ್ಕೆ ಹೆಸರಾಯಿತು. ಖರಾಡಿಯ ಮಗುವಿನ ಪಾಲಿಗೆ ಈ ಶ್ಲೇಷೆ ನಿಜವಾಗಿಬಿಡುವ ಅಪಾಯವಿದೆ: ತನ್ನ ತಾಯಿಯ ನುಡಿಯೇ ಅದಕ್ಕೆ 'ಕಾನಡಾ' ಆಗುವ ಅಪಾಯ.

ಇಲ್ಲಿ ಒಂದು ಆಕ್ಷೇಪಣೆಯನ್ನು ಪರಿಶೀಲಿಸಬೇಕು. ಗದುಗಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿ, ಗುರು ಸವಾಯಿ ಗಂಧರ್ವರ ಸ್ಮರಣೆಯಲ್ಲಿ ೧೯೫೩ರಿಂದ ಸಂಗೀತೋತ್ಸವವನ್ನು ನಡೆಸಿಕೊಂಡು ಬಂದ ಭೀಮಸೇನ ಜೋಶಿಯವರು (೧೯೨೨–೨೦೧೧) ಅಭಂಗಗಳ ಜೊತೆಗೆ ದಾಸರ ಪದಗಳನ್ನೂ ಹಾಡುತ್ತಿದ್ದರು. ಕನ್ನಡ ತಿಳಿಯದ ಶ್ರೋತೃಗಳೂ ಅವುಗಳಿಗೆ ತಲೆದೂಗುತ್ತಿದ್ದರು. ಹಾಗಾದರೆ ಹಾಡಿನಲ್ಲಿ ಮಾತಿಗೆ ಅಷ್ಟೇಕೆ ಮಹತ್ವ ಎಂದು ಕೇಳಬಹುದು. ಕನ್ನಡ ತಿಳಿಯದವನಿಗೆ ಆ ಪದ ನಾದ. ಕನ್ನಡ ತಿಳಿದವನಿಗೆ ಅದು ನಾದವೂ ಹೌದು, ಅರ್ಥವೂ ಹೌದು. ಹೊರನಾಡಿನ ಮಗು ಈ ಇಬ್ಬರ ನಡುವೆ ನಿಂತಿದೆ. ಹಾಡಿನ ಮಾತು ಅದನ್ನು ಅರ್ಥದ ಕಡೆಗೆ ಎಳೆಯದಿದ್ದರೆ ಅದು ನಾದದ ಕಡೆಗೇ ಸರಿದುಹೋಗುತ್ತದೆ, ಕನ್ನಡ ಅದಕ್ಕೆ ಇಂಪಾದ ಒಂದು ಪರಭಾಷೆಯಾಗುತ್ತದೆ. ಗಾಯಕನ ಪ್ರತಿಭೆ ಗೀತಕಾರನ ಹೊಣೆಯನ್ನು ಇಳಿಸುವುದಿಲ್ಲ.

೬

ಇಷ್ಟನ್ನು ಒಪ್ಪಿದ ಮೇಲೆ ರಚನೆಯ ಮಟ್ಟದಲ್ಲಿ ಏನು ಮಾಡಬೇಕೆಂಬುದು ಉಳಿಯುತ್ತದೆ. ಊರು ಬಿಟ್ಟು ಬಂದವನ ಹಂಬಲವನ್ನೇ ವಸ್ತುವಾಗಿಟ್ಟುಕೊಂಡು ನೋಡಬಹುದು. ತವರುನೆಲದ ಅಗಲಿಕೆಯ ವೇದನೆ ಎಂದು ಬರೆದರೆ ಅದು ಗ್ರಂಥಸ್ಥವೂ ಅಮೂರ್ತವೂ ಆಗುತ್ತದೆ. ಆದರೂ ಅರ್ಥದಲ್ಲಿ ಯಾವ ಆಳವೂ ಇಲ್ಲ. ಊರು ನೆನಪಾಗುತ್ತದೆ ಎಂದು ಬರೆದರೆ ಅದು ನೇರವಾಗುತ್ತದೆ. ಒಮ್ಮೆ ಕೇಳಿದವನಿಗೆ ಎರಡನೆಯ ಸಲ ಕೇಳಲು ಕಾರಣವಿರುವುದಿಲ್ಲ. ಉತ್ತರ ಕರ್ನಾಟಕದಿಂದ ದುಡಿಯಲು ಬಂದವರು ಬುತ್ತಿಯಲ್ಲಿ ಕಟ್ಟಿಕೊಂಡು ಬರುವ ಖಡಕ್ ರೊಟ್ಟಿ ಬಹಳ ದಿನ ಕೆಡುವುದಿಲ್ಲ. ತಾಯಿ ಬಡಿದು ಒಣಗಿಸಿ ಒಟ್ಟಿಕೊಟ್ಟ ಆ ರೊಟ್ಟಿಯ ಅಟ್ಟಿಯನ್ನು ಬಿಚ್ಚಿ, ಇನ್ನೆಷ್ಟು ಉಳಿದಿವೆಯೆಂದು ದಿನವೂ ಎಣಿಸುವವನ ಬಗ್ಗೆ ಹಾಡು ಬರೆದರೆ? ಅಲ್ಲಿ ನೆನಪು ಎಂಬ ಪದ ಬರಬೇಕಾಗಿಲ್ಲ. ಎಣಿಕೆ ಇಳಿಯುತ್ತ ಹೋಗುವುದೇ ಸಾಕು. ರೊಟ್ಟಿ ಯಾವುದೆಂದು ಮಗುವಿಗೆ ಗೊತ್ತು, ಎಣಿಸುವುದೂ ಗೊತ್ತು. ಎಣಿಸುವವನು ನಿಜವಾಗಿ ಏನನ್ನು ಎಣಿಸುತ್ತಿದ್ದಾನೆಂಬುದು ಅದಕ್ಕೆ ಮುಂದೊಂದು ದಿನ, ತಾನೂ ಮನೆ ಬಿಟ್ಟು ಹೊರಟಾಗ, ಹೊಳೆಯುತ್ತದೆ. ಹಾಡೊಂದು ಕೇಳುಗನೊಡನೆ ಬೆಳೆಯುವುದೆಂದರೆ ಇದೇ.

ಪಲ್ಲವಿ-ಚರಣಗಳ ಹಂಚಿಕೆಯಲ್ಲಿಯೂ ವಿವೇಕ ಬೇಕು. ಮೂರು ಚರಣಗಳ ಹಾಡಿನಲ್ಲಿ ಪ್ರತಿ ಚರಣದ ಬಳಿಕ ಮರಳುವ ಪಲ್ಲವಿ ಕಡಿಮೆಯೆಂದರೂ ನಾಲ್ಕು ಸಲ ಕಿವಿಗೆ ಬೀಳುತ್ತದೆ. ಚರಣ ಒಮ್ಮೆ ಕೇಳಿ ಸರಿದುಹೋಗುತ್ತದೆ. ಪಲ್ಲವಿಯನ್ನು ಹಗುರಾಗಿಟ್ಟು ಗಹನವಾದದ್ದನ್ನೆಲ್ಲ ಚರಣಕ್ಕೆ ತುಂಬುವುದು ಹೊಸಬರ ರೂಢಿ. ಇದು ತಲೆಕೆಳಗಾದ ಕ್ರಮ. ಮರಳಿ ಮರಳಿ ಬರುವ ಮಾತು ಮಾತ್ರ ಮರೆಯ ಅರ್ಥದ ಭಾರವನ್ನು ಹೊರಬಲ್ಲದು. ಪ್ರತಿ ಚರಣವೂ ಅದರ ಮೇಲೆ ಬೇರೊಂದು ಬೆಳಕು ಬೀರುತ್ತದೆ. ಒಮ್ಮೆಗೇ ದಾಟಿಹೋಗುವ ಚರಣದಲ್ಲಿ ಯಾರು, ಎಲ್ಲಿ, ಏನು ಎಂಬುದು ತಟ್ಟನೆ ತಿಳಿಯುವಂತಿರಬೇಕು. ಪಲ್ಲವಿಯ ಪದಗಳು ಸರಳವಾಗಿರಲಿ, ಅರ್ಥ ಆಳವಾಗಿರಲಿ. ಚರಣದಲ್ಲಿ ಎರಡೂ ಸರಳವಾಗಿರಲಿ.

ಮರೆ ಇರಬೇಕೆಂಬುದು ಎಲ್ಲ ಹಾಡಿಗೂ ಸಲ್ಲುವ ನಿಯಮವಲ್ಲ ಎಂಬುದನ್ನೂ ಒಪ್ಪಬೇಕು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' (೧೯೭೫) ಮತ್ತು ದಲಿತ ಚಳವಳಿಯ ಮೆರವಣಿಗೆಗಳಲ್ಲಿ ಮೊಳಗಿದ ಹಾಡುಗಳು ನೇರತನದಿಂದಲೇ ಬಲ ಪಡೆದವು. ಅಲ್ಲಿ ಅನ್ಯಾಯವನ್ನು ಅದರ ಹೆಸರಿನಿಂದ ಕರೆಯುವುದೇ ಕಾವ್ಯಕರ್ಮವಾಗಿತ್ತು. ಬೆಡಗು ಬಳಸಿದ್ದರೆ ಅದು ಹಿಂಜರಿಕೆಯಾಗುತ್ತಿತ್ತು. ಕೂಲಿ ಸಿಗದ ಕೆಲಸಗಾರನ ಪರವಾಗಿ ಖರಾಡಿಯಲ್ಲಿ ಯಾರಾದರೂ ಹಾಡು ಕಟ್ಟಿದರೆ ಅವರು ಈ ಮಾರ್ಗವನ್ನೇ ಹಿಡಿಯಬೇಕು. ಆದರೆ ಅಲ್ಲಿಯೂ ಶೋಷಣೆ ಎಂಬ ಪದಕ್ಕಿಂತ ಬಟವಾಡೆಯ ದಿನ ಬರಿಗೈಯಲ್ಲಿ ಮರಳಿದವನ ಬುಟ್ಟಿ, ಸಲಿಕೆಗಳು ಹೆಚ್ಚು ಮಾತನಾಡುತ್ತವೆ. ಅರ್ಥ ನೇರವಿರಲಿ, ಮರೆಯಲ್ಲಿರಲಿ, ವಸ್ತು ಮೂರ್ತವಾಗಿರಬೇಕೆಂಬ ಮಾತು ಎರಡು ಕಡೆಯಲ್ಲಿಯೂ ನಿಲ್ಲುತ್ತದೆ.

೭

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡ ನಾಡೆಂದು ಗುರುತಿಸಿ, ಅಲ್ಲಿಯ ಜನ ಓದದೆಯೂ ಕಾವ್ಯಪ್ರಯೋಗದಲ್ಲಿ ಬಲ್ಲವರೆಂದು ಮೆಚ್ಚಿಕೊಂಡಿತು. ಈ ಮಾತಿನ ಮೊದಲರ್ಧವನ್ನು ಗಡಿಯ ವಾದಗಳಲ್ಲಿ ಬಹಳ ಬಳಸಲಾಗಿದೆ. ಹೊರನಾಡಿನ ಇಂದಿನ ಪರಿಸ್ಥಿತಿಗೆ ಹೆಚ್ಚು ಸಲ್ಲುವುದು ಎರಡನೆಯ ಅರ್ಧ. ಓದು ಬಾರದ ಕೇಳುಗ ಕಾವ್ಯಕ್ಕೆ ಅನರ್ಹನಲ್ಲ. ಕನ್ನಡ ಕಾವ್ಯಮೀಮಾಂಸೆಯ ಮೊದಲ ಗ್ರಂಥವೇ ಅವನನ್ನು ಜಾಣನೆಂದು ಕರೆದಿದೆ. ಅಕ್ಷರ ತಿಳಿಯದ ಖರಾಡಿಯ ಮಗುವೂ ಆ ಜಾಣರ ಸಾಲಿಗೆ ಸೇರಿದ್ದೇ. ಅದಕ್ಕಾಗಿ ಹಾಡನ್ನು ಪೊಳ್ಳು ಮಾಡಬೇಕಾದುದಿಲ್ಲ. ಅದು ಹಿಡಿಯಬಲ್ಲ ವಸ್ತುವೊಂದನ್ನು ಕೈಗೆ ಕೊಡಬೇಕು, ಅಷ್ಟೆ.

ಕನ್ನಡ ವಿಭಾಗಗಳಿಗೆ ಇಲ್ಲಿ ಒಂದು ಕರ್ತವ್ಯವಿದೆ. ಮುಂಡಿಗೆ, ತತ್ತ್ವಪದ, ತ್ರಿಪದಿಗಳನ್ನು ಪಠ್ಯವೆ ಮಾಡಿ ಅರ್ಥ ಬರೆಸುವುದರ ಜೊತೆಗೆ ಅವುಗಳನ್ನು ಕೇಳಿಸಿ, ಕೇಳಿದ ಕಿವಿಗೆ ಏನು ಮೊದಲು ಸಿಕ್ಕಿತು, ಏನು ಆಮೇಲೆ ಸಿಕ್ಕಿತು ಎಂಬುದನ್ನು ಚರ್ಚಿಸುವ ಅಭ್ಯಾಸ ಬೆಳೆಯಬೇಕು. ಸಿನಿಮಾ ಗೀತೆ, ಸುಗಮ ಸಂಗೀತ, ಚಳವಳಿಯ ಹಾಡುಗಳಿಗೂ ಇದೇ ಒರೆಗಲ್ಲು ಸಲ್ಲಬೇಕು. ಕೆ. ಎಸ್. ನರಸಿಂಹಸ್ವಾಮಿಯವರಿಗೆ ೧೯೯೧ರ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಗೀತರಚನೆಗಾಗಿ ಬಂದಾಗ, ಅರ್ಧ ಶತಮಾನದ ಹಿಂದೆ ಪುಟದ ಮೇಲೆ ಹುಟ್ಟಿದ ಕವಿತೆ ತೆರೆಯ ಮೇಲೆ ಮಾನ್ಯವಾಗಿತ್ತು. ಪುಟಕ್ಕೂ ಧ್ವನಿಗೂ ನಡುವಣ ಗೋಡೆಯನ್ನು ಹಾಡು ಹೀಗೆ ತಾನಾಗಿಯೇ ದಾಟುತ್ತ ಬಂದಿದೆ. ವಿಮರ್ಶೆ ಇನ್ನೂ ದಾಟಬೇಕಾಗಿದೆ.

ಖರಾಡಿಯ ವಸತಿಯೊಂದರಲ್ಲಿ ಇರುಳು ಮಗುವನ್ನು ಮಲಗಿಸುವ ತಾಯಿಗೆ ಈ ಚರ್ಚೆಯ ಗೊಡವೆಯಿಲ್ಲ. ಅವಳು ತನಗೆ ನೆನಪಿರುವ ಹಾಡನ್ನು ಹಾಡುತ್ತಾಳೆ. ಮೂವತ್ತು ವರ್ಷಗಳ ನಂತರ ಆ ಮಗುವಿಗೆ ನೆನಪಿನಲ್ಲಿ ಉಳಿಯುವುದು ಅವುಗಳಲ್ಲಿ ಯಾವುದು ಎಂಬುದನ್ನು ಅವಳ ಕಂಠ ಎಷ್ಟು ನಿರ್ಧರಿಸುತ್ತದೆಯೋ ಹಾಡಿನೊಳಗಿನ ಮನೆ, ಮಳೆ, ರೊಟ್ಟಿಗಳೂ ಅಷ್ಟೇ ನಿರ್ಧರಿಸುತ್ತವೆ. ಹೊಸದಾಗಿ ಗೀತೆ ಬರೆಯುವವರು ಆ ಮಗುವನ್ನು ಎದುರಿಗೆ ಕೂರಿಸಿಕೊಂಡು ಬರೆದರೆ ನೇರವೋ ಅಮೂರ್ತವೋ ಎಂಬ ಜಿಜ್ಞಾಸೆ ತನ್ನ ಸರಿಯಾದ ಸ್ಥಾನದಲ್ಲಿ ನಿಲ್ಲುತ್ತದೆ.